ಟೊಮೆಟೊ ಬಿಟ್ಟು ಬಂದ ಪತಂಗ

2024ರ ಬೇಸಿಗೆಯಲ್ಲಿ ನಾನು ಹಾಸನದ ಒಂದು ಕೃಷಿ ವಿಸ್ತರಣಾ ಕೇಂದ್ರದಲ್ಲಿ ಕೀಟ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಮುಖ್ಯಸ್ಥೆ ಎಂದರೆ ದೊಡ್ಡದಾಗಿ ಕೇಳಿಸುತ್ತದೆ. ವಿಭಾಗದಲ್ಲಿ ಇದ್ದದ್ದು ನಾನು, ಒಬ್ಬ ಸಹಾಯಕ, ಎರಡು ಮೈಕ್ರೋಸ್ಕೋಪು, ಹಿಂದಿನ ಅಂಗಳದಲ್ಲಿ ಕೆಲವು ಬಲೆಪಂಜರಗಳು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ರೈತರು ಹುಳು ಬಿದ್ದ ಎಲೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ತಂದು ನನ್ನ ಮೇಜಿನ ಮೇಲಿಡುತ್ತಿದ್ದರು. ಯಾವ ಹುಳು, ಯಾವ ಔಷಧಿ ಎಂದು ಹೇಳಿ ಕಳಿಸುವುದು ನನ್ನ ದಿನನಿತ್ಯದ ಕೆಲಸ. ಹೆಚ್ಚಿನ ಕವರುಗಳನ್ನು ಬಿಚ್ಚುವ ಮೊದಲೇ ಒಳಗೇನಿದೆ ಎಂದು ಗೊತ್ತಾಗುತ್ತಿತ್ತು. ಯಾವ ಬೆಳೆಗೆ ಯಾವ ಹುಳು ಬರುತ್ತದೆ ಎಂಬ ಲೆಕ್ಕ ನನಗೆ ಬಾಯಿಪಾಠವಾಗಿತ್ತು, ಆ ಲೆಕ್ಕದ ಮೇಲೆಯೇ ನನ್ನ ಇಡೀ ಉದ್ಯೋಗ ನಿಂತಿತ್ತು.

ಅದರ ಹಿಂದಿನ ವರ್ಷ ಟೊಮೆಟೊ ಬೆಲೆ ಗಗನಕ್ಕೇರಿದ್ದು ಓದುಗರಿಗೆ ನೆನಪಿರಬಹುದು. ಆ ಆಸೆಗೆ ಬಿದ್ದು ನಮ್ಮ ಕಡೆ ಎಲ್ಲೆಂದರಲ್ಲಿ ಟೊಮೆಟೊ ನಾಟಿಯಾಯಿತು. ಜೊತೆಗೆ ಅದರ ಹುಳುವೂ ತುಂಬಿತು. ಪುಸ್ತಕದಲ್ಲಿ ಅದಕ್ಕೆ ಟ್ಯೂಟಾ ಎಂದು ಹೆಸರು, ರೈತರ ಬಾಯಲ್ಲಿ ಊಜಿ. ರೇಷ್ಮೆಯವರು ಹೇಳುವ ಊಜಿ ನೊಣವೇ ಬೇರೆ, ಇದೇ ಬೇರೆ. ಇದು ಅಕ್ಕಿಕಾಳಿಗಿಂತ ತುಸು ಉದ್ದದ ಬೂದು ಪತಂಗ. ತಾಯಿ ಎಲೆಯ ಅಡಿಯಲ್ಲಿ ಒಂದೊಂದೇ ಮೊಟ್ಟೆ ಇಡುತ್ತದೆ. ಮರಿಹುಳು ಎಲೆಯ ಎರಡು ಪದರಗಳ ನಡುವೆ ನುಗ್ಗಿ ಒಳಗಿನ ಹಸಿರನ್ನೆಲ್ಲ ತಿಂದು ಖಾಲಿ ಮಾಡುತ್ತದೆ, ಕಾಯಿಗೆ ಸೂಜಿ ಚುಚ್ಚಿದಂಥ ತೂತು ಬೀಳಿಸುತ್ತದೆ. ದಕ್ಷಿಣ ಅಮೆರಿಕದಿಂದ ನಮ್ಮ ದೇಶಕ್ಕೆ ಬಂದು ಆಗಲೇ ಹತ್ತು ವರ್ಷವಾಗಿತ್ತು. ತವರಿನಲ್ಲಿ ಅದು ಆಲೂಗಡ್ಡೆ ಗಿಡವನ್ನೂ ಮುಟ್ಟುತ್ತದೆ ಎಂದು ಓದಿದ್ದೆ. ಆದರೆ ನಾನು ನೋಡಿದಷ್ಟು ಕಾಲ, ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಅದು ಟೊಮೆಟೊವನ್ನೇ ಹುಡುಕಿಕೊಂಡು ಹೋಗುತ್ತಿತ್ತು. ಪಕ್ಕದಲ್ಲೇ ಆಲೂಗಡ್ಡೆ ಹೊಲವಿದ್ದರೂ ಅದರತ್ತ ತಿರುಗಿ ನೋಡುತ್ತಿರಲಿಲ್ಲ. ಹಾಸನದವರಿಗೆ ಆಲೂಗಡ್ಡೆ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಅಂಗಮಾರಿ ರೋಗವೊಂದೇ ಅದನ್ನು ಅರ್ಧ ಮುಗಿಸಿತ್ತು. ಇನ್ನೊಂದು ಶತ್ರುವನ್ನು ತಾಳುವ ಶಕ್ತಿ ಆ ಬೆಳೆಗೆ ಉಳಿದಿರಲಿಲ್ಲ.

ಏಪ್ರಿಲ್ ತಿಂಗಳ ಒಂದು ಬೆಳಗ್ಗೆ ಚನ್ನರಾಯಪಟ್ಟಣ ಕಡೆಯಿಂದ ಶಿವಲೀಲಾ ಎಂಬ ಹೆಣ್ಣುಮಗಳು ಬಂದರು. ವಯಸ್ಸು ನಲವತ್ತರ ಆಸುಪಾಸು. ಬೇರೆಯವರ ನರ್ಸರಿಯಲ್ಲಿ ಟ್ರೇ ತುಂಬುವ ಕೆಲಸದಿಂದ ಶುರುಮಾಡಿ, ಗಂಡ ಬಸವರಾಜುವಿನ ಜೊತೆ ಸೇರಿ ಸ್ವಂತ ನೆಟ್‌ಹೌಸ್ ಕಟ್ಟಿಕೊಂಡಿದ್ದವರು. ನೆಟ್‌ಹೌಸ್ ಎಂದರೆ ಕೀಟ ನುಗ್ಗದಂತೆ ಸಣ್ಣ ಕಣ್ಣಿನ ಪರದೆ ಹೊದಿಸಿದ ಸಸಿಮನೆ. ಮೊದಲು ಅದರಲ್ಲಿ ಟೊಮೆಟೊ ಸಸಿ ಬೆಳೆಸುತ್ತಿದ್ದರು. ಟೊಮೆಟೊ ಬೆಲೆ ಕುಸಿಯುತ್ತಲೇ ಸಸಿ ಕೇಳುವವರು ಇಲ್ಲವಾಗಿ, ಆಲೂಗಡ್ಡೆಯ ಕುಡಿ ಸಸಿಗೆ ಕೈಹಾಕಿದ್ದರು. ರೋಗವಿಲ್ಲದ ತಾಯಿ ಗಿಡದ ತುದಿಯನ್ನು ಕತ್ತರಿಸಿ, ಬೇರು ಬಿಡಿಸಿ, ಗೆಡ್ಡೆಯ ಬದಲು ಆ ಸಸಿಯನ್ನೇ ನಾಟಿ ಮಾಡುವ ಹೊಸ ಪದ್ಧತಿ ಅದು. ನಾಲ್ಕೂ ತಾಲ್ಲೂಕಿನ ರೈತರು ಮುಂಗಾರಿಗೆಂದು ಅವರಲ್ಲಿ ಸಸಿ ಹೇಳಿಟ್ಟಿದ್ದರು.

ಅವರು ಕವರಿನಿಂದ ಕೆಲವು ಆಲೂಗಡ್ಡೆ ಎಲೆ ತೆಗೆದಿಟ್ಟು, ಇದು ರಂಗೋಲಿ ಹುಳು ಇರಬೇಕು, ಏನು ಹೊಡೆಯಲಿ ಎಂದು ಕೇಳಿದರು. ರಂಗೋಲಿ ಹುಳು ಎಲೆಯ ಮೇಲೆ ಸೀಮೆಸುಣ್ಣದಲ್ಲಿ ಗೀಚಿದ ಹಾಗೆ ಸುತ್ತುಸುತ್ತು ಗೆರೆ ಎಳೆಯುತ್ತದೆ. ಈ ಎಲೆಗಳಲ್ಲಿ ಗೆರೆ ಇರಲಿಲ್ಲ. ಸುಟ್ಟ ಚರ್ಮ ಗುಳ್ಳೆ ಎದ್ದಂತೆ ಅಗಲವಾದ ಬಿಳಿಚಿದ ಮಚ್ಚೆಗಳಿದ್ದವು, ಅವುಗಳೊಳಗೆ ಕಪ್ಪು ಹಿಕ್ಕೆ. ನನಗೆ ಅದು ಸರಿಬೀಳಲಿಲ್ಲ. ಆದರೂ ಒಂದು ಸಮಾಧಾನದ ದಾರಿಯಿತ್ತು. ಆಲೂಗಡ್ಡೆಗೆ ತನ್ನದೇ ಆದ ಹಳೆಯ ಪತಂಗ ಒಂದಿದೆ, ಗೆಡ್ಡೆ ಕೊರೆಯುವುದು. ಅದೂ ಎಲೆಯಲ್ಲಿ ಹೀಗೆಯೇ ಗುಳ್ಳೆ ಎಬ್ಬಿಸುತ್ತದೆ, ನೋಡಲು ಟ್ಯೂಟಾಗೆ ದಾಯಾದಿಯ ಹಾಗೆ. ಅದೇ ಇರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಶಿವಲೀಲಾ ಅವರಿಗೆ ಏನನ್ನೂ ಹೇಳದೆ, ಮರಿಗಳನ್ನು ಇಟ್ಟುಕೊಂಡು ಪತಂಗವಾಗುವವರೆಗೆ ಸಾಕುತ್ತೇನೆ, ಅಲ್ಲಿಯವರೆಗೆ ಒಂದು ಸಸಿಯನ್ನೂ ಹೊರಗೆ ಕಳಿಸಬೇಡಿ ಎಂದೆ. ಅವರು ಒಪ್ಪಿದರು. ಬೋರ್‌ವೆಲ್ ನೀರಿರುವ ಅರಕಲಗೂಡಿನ ಒಬ್ಬ ರೈತರಿಗೆ ಆಗಲೇ ಕೆಲವು ಟ್ರೇ ಹೋಗಿಬಿಟ್ಟಿದೆ ಎಂದು ಬಾಗಿಲ ಬಳಿ ನಿಂತು ಹೇಳಿದರು.

ಪತಂಗಗಳು ಹೊರಬಂದ ದಿನ ಒಂದು ಗಂಡು ಪತಂಗವನ್ನು ಸೀಳಿ ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಈ ಎರಡು ಜಾತಿಗಳನ್ನು ಖಚಿತವಾಗಿ ಬೇರೆ ಮಾಡುವುದು ಗಂಡಿನ ಜನನಾಂಗದ ಆಕಾರ. ಒಂದು ಸಲ ನೋಡಿದೆ, ಕಣ್ಣೊರೆಸಿಕೊಂಡು ಇನ್ನೊಂದು ಸಲ ನೋಡಿದೆ, ಸಹಾಯಕನನ್ನು ಕರೆದು ಅವನಿಗೂ ತೋರಿಸಿದೆ. ಟೊಮೆಟೊ ಹುಳುವೇ ಆಗಿತ್ತು.

ಆದರೂ ಅಷ್ಟಕ್ಕೇ ಹೆದರಬೇಕಿರಲಿಲ್ಲ. ಹಸಿದವನು ಪಕ್ಕದ ಮನೆಯಲ್ಲಿ ಒಂದು ಹೊತ್ತು ಉಂಡರೆ ಮನೆ ಬದಲಾಯಿಸಿದ ಎನ್ನಲಾಗುವುದಿಲ್ಲ. ಪರದೆಯೊಳಗೆ ಸಿಕ್ಕಿಕೊಂಡ ಪತಂಗಕ್ಕೆ ಟೊಮೆಟೊ ಸಿಗದೆ ಬೇರೆ ಗತಿಯಿಲ್ಲದೆ ಆಲೂಗಡ್ಡೆಯ ಮೇಲೆ ಮೊಟ್ಟೆ ಇಟ್ಟಿರಬಹುದು. ತಿಳಿಯಬೇಕಾದದ್ದು ಒಂದೇ: ಎರಡನ್ನೂ ಎದುರಿಗಿಟ್ಟರೆ ತಾಯಿ ಯಾವುದರ ಮೇಲೆ ಕೂರುತ್ತದೆ?

ಅಂಗಳದ ಎರಡು ಬಲೆಪಂಜರಗಳಲ್ಲಿ ಒಂದೊಂದು ಟೊಮೆಟೊ ಗಿಡ, ಒಂದೊಂದು ಆಲೂಗಡ್ಡೆ ಗಿಡ ಇಟ್ಟೆ. ಒಂದಕ್ಕೆ ಹೊಳೆನರಸೀಪುರದ ಟೊಮೆಟೊ ಹೊಲದಿಂದ ತಂದು ಸಾಕಿದ ಪತಂಗಗಳನ್ನು ಬಿಟ್ಟೆ. ಇನ್ನೊಂದಕ್ಕೆ ಶಿವಲೀಲಾ ಅವರ ನೆಟ್‌ಹೌಸಿನವು. ಮೂರ್ನಾಲ್ಕು ದಿನ ಬಿಟ್ಟು ಎಲೆಗಳನ್ನು ಒಂದೊಂದಾಗಿ ಮಗುಚಿ ಭೂತಗನ್ನಡಿಯಲ್ಲಿ ನೋಡಿದೆವು. ಹೊಳೆನರಸೀಪುರದ ತಾಯಂದಿರು ಟೊಮೆಟೊವನ್ನು ತುಂಬಿಸಿ, ಆಲೂಗಡ್ಡೆಯನ್ನು ಹೆಚ್ಚುಕಡಿಮೆ ಹಾಗೇ ಬಿಟ್ಟಿದ್ದವು. ನೆಟ್‌ಹೌಸಿನ ತಾಯಂದಿರು ಎರಡೂ ಗಿಡದ ಮೇಲೆ ಓಡಾಡಿದ್ದವು. ಮೊಟ್ಟೆ ಹೆಚ್ಚಿದ್ದದ್ದು ಆಲೂಗಡ್ಡೆಯ ಮೇಲೆ. ಸಹಾಯಕ ಪಂಜರದ ಬಾಗಿಲಿನ ದಾರವನ್ನು ಇನ್ನೊಂದು ಸುತ್ತು ಬಿಗಿದ.

ಇಲ್ಲಿ ಸ್ವಲ್ಪ ನಿಂತು ವಿವರಿಸಬೇಕು. ಕೀಟ ತನ್ನ ಗಿಡವನ್ನು ಆರಿಸಿಕೊಳ್ಳುವುದನ್ನು ನಾವು ಮನುಷ್ಯರ ಇಷ್ಟಾನಿಷ್ಟದ ಹಾಗೆ ಊಹಿಸಿಕೊಳ್ಳುತ್ತೇವೆ. ಅದು ನಡೆಯುವ ರೀತಿಯೇ ಬೇರೆ. ಎಲೆಯಿಂದ ಹೊರಡುವ ವಾಸನೆ, ಎಲೆಯ ಮೇಲಿನ ರೋಮ, ಕಾಲಿಗೆ ಸಿಗುವ ರುಚಿ, ಇವುಗಳಿಗೆ ತಾಯಿಯ ದೇಹ ಹುಟ್ಟಿನಿಂದಲೇ ಒಂದು ರೀತಿ ಸ್ಪಂದಿಸುತ್ತದೆ. ಸಾವಿರ ತಾಯಂದಿರಲ್ಲಿ ಕೆಲವು ಮಾತ್ರ ಬೇರೆ ರೀತಿ ಇರುತ್ತವೆ, ದಾರಿ ತಪ್ಪಿ ಬೇರೆ ಗಿಡದ ಮೇಲೆ ಮೊಟ್ಟೆ ಇಡುತ್ತವೆ. ಅವುಗಳ ಮರಿಗಳಿಗೆ ಆ ಎಲೆಯಲ್ಲಿ ಸಹಜವಾಗಿರುವ ವಿಷವನ್ನು ತಡೆದುಕೊಳ್ಳಲಾಗುವುದಿಲ್ಲ, ಬಹುಪಾಲು ಸಾಯುತ್ತವೆ. ಹಾಗಾಗಿ ತಲೆಮಾರಿನಿಂದ ತಲೆಮಾರಿಗೆ ತಪ್ಪು ಮಾಡುವವು ಕಡಿಮೆಯಾಗಿಯೇ ಉಳಿಯುತ್ತವೆ. ಆದರೆ ಸರಿಯಾದ ಗಿಡವೇ ಇಲ್ಲವಾದರೆ? ಅಥವಾ ಆ ಗಿಡದ ಮೇಲೆ ವಾರಕ್ಕೆರಡು ಸಲ ವಿಷ ಬೀಳುತ್ತಿದ್ದರೆ? ಆಗ ಸರಿಯಾಗಿ ನಡೆದುಕೊಂಡ ತಾಯಂದಿರ ಮಕ್ಕಳೆಲ್ಲ ಸತ್ತು, ತಪ್ಪಿದ ತಾಯಿಯ ಮಕ್ಕಳಲ್ಲಿ ಹೇಗೋ ತಡೆದುಕೊಂಡ ನಾಲ್ಕು ಮಾತ್ರ ಉಳಿಯುತ್ತವೆ. ಮುಂದಿನ ತಲೆಮಾರಿಗೆ ತಾಯಿ ತಂದೆ ಎಲ್ಲ ಅವೇ. ಬೇಸಿಗೆಯಲ್ಲಿ ಈ ಪತಂಗದ ಒಂದು ತಲೆಮಾರಿಗೆ ಒಂದು ತಿಂಗಳು ಸಾಕು.

ಶಿವಲೀಲಾ ಅವರ ನೆಟ್‌ಹೌಸಿನಲ್ಲಿ ಆಗಿದ್ದು ಇದೇ ಇರಬೇಕೆಂದು ನನಗೆ ಅನ್ನಿಸಿತು. ಟೊಮೆಟೊ ಸಸಿ ತೆಗೆದಾಗ ಒಳಗೆ ಉಳಿದ ಪತಂಗಗಳಿಗೆ ತಿಂಗಳುಗಟ್ಟಲೆ ಸಿಕ್ಕಿದ್ದು ಆಲೂಗಡ್ಡೆಯ ತಾಯಿ ಗಿಡಗಳು ಮಾತ್ರ. ಹೊರಗಿನ ಪತಂಗ ಒಳಗೆ ಬಾರದಂತೆ ಕಟ್ಟಿದ ಪರದೆ, ಒಳಗಿನವು ಹೊರಗಿನವುಗಳ ಜೊತೆ ಬೆರೆಯದಂತೆಯೂ ಕಾದಿತ್ತು. ಆಕೆ ಮಾಡಿದ್ದರಲ್ಲಿ ಯಾವ ತಪ್ಪೂ ಇರಲಿಲ್ಲ. ಯಾರೇ ಮಾಡಿದ್ದರೂ ಹಾಗೆಯೇ ಮಾಡುತ್ತಿದ್ದರು.

ಇನ್ನೊಂದು ಅನುಮಾನ ಉಳಿದಿತ್ತು. ಹುಟ್ಟಿ ಬೆಳೆದ ಎಲೆಯ ವಾಸನೆ ಪತಂಗಕ್ಕೆ ನೆನಪಿದ್ದು ಅದನ್ನೇ ಹುಡುಕುತ್ತಿರಲೂಬಹುದು. ಅದಾದರೆ ರಕ್ತಗತವಲ್ಲ, ಅಪಾಯ ಕಡಿಮೆ. ತಿಳಿಯಬೇಕಾದರೆ ನೆಟ್‌ಹೌಸಿನ ಪತಂಗದ ಮರಿಗಳನ್ನು ಟೊಮೆಟೊ ಎಲೆಯ ಮೇಲೆಯೇ ಸಾಕಿ, ಅವು ದೊಡ್ಡವಾದ ಮೇಲೆ ಮತ್ತೆ ಪರೀಕ್ಷಿಸಬೇಕು. ಅದಕ್ಕೊಂದು ತಿಂಗಳು ಬೇಕು. ಅಷ್ಟರಲ್ಲಿ ಮುಂಗಾರು ಬಂದು, ಸಸಿಗಳು ನಾಲ್ಕು ತಾಲ್ಲೂಕಿಗೆ ಹಂಚಿಹೋಗುವ ಸಮಯವಾಗುತ್ತದೆ. ಮರಿಗಳನ್ನು ಟೊಮೆಟೊಗೆ ಹಾಕಿದೆ. ಆದರೆ ತೀರ್ಮಾನ ಅದಕ್ಕೆ ಕಾಯುವಂತಿರಲಿಲ್ಲ.

ಮಾರನೆಯ ದಿನ ಚನ್ನರಾಯಪಟ್ಟಣಕ್ಕೆ ಹೋದೆ. ನೆಟ್‌ಹೌಸಿನೊಳಗೆ ಸಾಲುಸಾಲಾಗಿ ಟ್ರೇಗಳು, ಅಂಗೈ ಎತ್ತರದ ಹಸಿರು ಸಸಿಗಳು. ಇಬ್ಬರು ಹೆಂಗಸರು ಕುಡಿ ಕತ್ತರಿಸುತ್ತಿದ್ದರು. ದೂರದಿಂದ ನೋಡಿದರೆ ಹತ್ತಕ್ಕೆ ಒಂಬತ್ತು ಸಸಿ ನಿಷ್ಕಳಂಕ. ಮೊಟ್ಟೆ ಇದ್ದರೂ ಬರಿಗಣ್ಣಿಗೆ ಕಾಣುವುದಿಲ್ಲ ಎಂಬುದೇ ನನ್ನ ಕಷ್ಟ. ಔಷಧಿ ಹೊಡೆದು ಉಳಿಸಲಾಗದೇ ಎಂದು ಬಸವರಾಜು ಕೇಳಿದರು. ಎಲೆಯೊಳಗಿನ ಹುಳುವಿಗೆ ಔಷಧಿ ಪೂರ್ತಿ ತಾಗುವುದಿಲ್ಲ, ಟೊಮೆಟೊದ ಮೇಲೆ ಇದು ಆಗಲೇ ಎಷ್ಟೋ ಔಷಧಿಗಳನ್ನು ಜೀರ್ಣಿಸಿಕೊಂಡಿದೆ, ನೂರರಲ್ಲಿ ಐದು ಉಳಿದರೂ ಆ ಐದು ಎಲ್ಲಕ್ಕಿಂತ ಗಟ್ಟಿಯಾದವು ಎಂದು ಹೇಳಿದೆ. ತಾಯಿ ಗಿಡ ಸಮೇತ ಎಲ್ಲವನ್ನೂ ನಾಶಮಾಡಬೇಕು ಎಂಬ ಮಾತು ನನ್ನ ಬಾಯಿಂದ ಬಂದಾಗ ಕುಡಿ ಕತ್ತರಿಸುತ್ತಿದ್ದ ಹೆಂಗಸರ ಕೈ ನಿಂತಿತು.

ಶಿವಲೀಲಾ ಆಮೇಲೆ ಕೇಳಿದರು:

"ನಿಮ್ಗೆ ಪೂರ್ತಿ ಗ್ಯಾರಂಟಿ ಐತಾ ಮೇಡಂ?"

"ಇಲ್ಲ ಶಿವಲೀಲಾ. ಪೂರ್ತಿ ತಿಳಿಯೋಕೆ ಇನ್ನೊಂದು ತಿಂಗಳು ಬೇಕು. ಅಷ್ಟೊತ್ತಿಗೆ ತಡವಾಗಿರುತ್ತೆ."

ಕಾನೂನಿನ ಬಲ ನನ್ನ ಕೈಯಲ್ಲಿರಲಿಲ್ಲ. ಆಕೆ ಆಗುವುದಿಲ್ಲ ಎಂದಿದ್ದರೆ ನಾನು ವರದಿ ಬರೆದು ಮೇಲಕ್ಕೆ ಕಳಿಸಿ ಕಾಯಬೇಕಿತ್ತು. ಆಕೆ ಟ್ರೇಯೊಂದನ್ನು ಎತ್ತಿ, ಸಸಿಗಳನ್ನು ಒಂದು ಸಲ ಕೈಯಲ್ಲಿ ಸವರಿ, ಮತ್ತೆ ಅಲ್ಲೇ ಇಟ್ಟರು. ತನ್ನನ್ನು ನಂಬಿ ಸಸಿ ಹೇಳಿಟ್ಟವರಿಗೆ ಹುಳು ಹಂಚಲು ಮನಸ್ಸಿಲ್ಲ ಎಂದು ಗಂಡನಿಗೆ ಹೇಳಿದರು. ಬಸವರಾಜು ಹೊರಗೆ ಹೋಗಿ ಪಾಲಿಥೀನ್ ಹಾಳೆ ತರಲು ಗಾಡಿ ಹೊರಡಿಸಿದರು.

ಗಿಡಗಳನ್ನು ಹೊರಗೆ ತಂದು ಸುಡಲು ಹೋದರೆ ಪತಂಗ ಹಾರಿಹೋಗುತ್ತದೆ. ಅದಕ್ಕೆ ಎಲ್ಲವನ್ನೂ ಒಳಗೇ ಬಿಟ್ಟು, ನೀರು ನಿಲ್ಲಿಸಿ, ಇಡೀ ನೆಟ್‌ಹೌಸಿಗೆ ದಪ್ಪ ಪಾಲಿಥೀನ್ ಹೊದಿಸಿ ಅಂಚುಗಳಿಗೆ ಮಣ್ಣು ಮುಚ್ಚಿದೆವು. ಉಳಿದದ್ದು ಆ ವರ್ಷದ ಬಿಸಿಲಿನ ಕೆಲಸ. ಎರಡನೆಯ ದಿನ ಸಂಜೆ ಹೋದಾಗ ಹಾಳೆಯ ಒಳಗಡೆ ಹನಿಗಟ್ಟಿತ್ತು, ಸೊಪ್ಪು ಬೆಂದ ವಾಸನೆ ಮಣ್ಣಿನ ಸಂದಿಯಿಂದಲೂ ಬರುತ್ತಿತ್ತು. ಕೆಲವು ಪತಂಗಗಳು ಒಳಗಿನಿಂದ ಹಾಳೆಗೆ ಅಂಟಿಕೊಂಡು ಇನ್ನೂ ರೆಕ್ಕೆ ಅಲುಗಿಸುತ್ತಿದ್ದವು. ಶಿವಲೀಲಾ ಅವುಗಳನ್ನೇ ನೋಡುತ್ತಾ ನಿಂತಿದ್ದರು. ಇಂಥ ನಷ್ಟಕ್ಕೆ ಪರಿಹಾರ ಕೊಡುವ ಯೋಜನೆ ಯಾವುದೂ ಇರಲಿಲ್ಲ, ಇದೆ ಎಂದು ಸುಳ್ಳು ಹೇಳುವುದು ನನ್ನಿಂದಾಗಲಿಲ್ಲ.

ಇನ್ನು ಅರಕಲಗೂಡಿನ ಟ್ರೇಗಳು. ಅವನ್ನು ಕೊಂಡಿದ್ದವರು ಕೃಷ್ಣೇಗೌಡರು, ಅರವತ್ತು ದಾಟಿದ ಗಟ್ಟಿ ಮನುಷ್ಯ. ನಾವು ಹೋಗುವ ಹೊತ್ತಿಗೆ ಸಸಿ ನಾಟಿಯಾಗಿ, ಬೇರೂರಿ, ಹೊಸ ಎಲೆ ಬಿಟ್ಟಿತ್ತು. ಬದುವಿನ ಆಚೆ ಅವರದೇ ಹೊಗೆಸೊಪ್ಪಿನ ಹೊಲ. ಆಲೂಗಡ್ಡೆ, ಟೊಮೆಟೊ, ಹೊಗೆಸೊಪ್ಪು ಎಲ್ಲ ಒಂದೇ ಕುಟುಂಬದ ಗಿಡಗಳು. ಆ ಎರಡು ಹಸಿರು ಪಟ್ಟೆಗಳ ನಡುವೆ ಇದ್ದದ್ದು ಆ ಒಂದು ಬದು ಮಾತ್ರ.

ಕೃಷ್ಣೇಗೌಡರು ನಾನು ಹೇಳಿದ್ದನ್ನೆಲ್ಲ ಕೇಳಿ ತಲೆ ಅಲ್ಲಾಡಿಸಿದರು. "ನೋಡಿ ತಾಯಿ, ವಲ ಎಂಗೆ ನಗ್ತಾ ಐತೆ. ಉಳ ಎಲ್ಲೈತೆ, ತೋರ್ಸಿ. ಕಾಣ್ದಿರೋ ಉಳುವ್ಗೆ ಯದ್ರಿ ಬೆಳೆ ಕೀಳಕಾಯ್ತದಾ?"

ನಾನು ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕೂತು ಹುಡುಕಿದೆ. ಬಹಳ ಹೊತ್ತು ಏನೂ ಸಿಗಲಿಲ್ಲ. ಸಿಗದಿದ್ದರೆ ಒಳ್ಳೆಯದೆಂದು ಒಂದು ಮನಸ್ಸು, ಸಿಗದಿದ್ದರೆ ಇವರನ್ನು ಒಪ್ಪಿಸುವುದು ಹೇಗೆಂದು ಇನ್ನೊಂದು. ಕೊನೆಗೆ ಮೂರನೆಯ ಸಾಲಿನ ಒಂದು ಎಲೆಯಲ್ಲಿ ಉಗುರಿನಷ್ಟು ಬಿಳಿ ಮಚ್ಚೆ ಕಂಡಿತು. ಎಲೆ ಕಿತ್ತು ಬಿಸಿಲಿಗೆ ಅಡ್ಡ ಹಿಡಿದೆ. ಬೆಳಕು ಹಾಯ್ದ ಆ ಮಚ್ಚೆಯೊಳಗೆ ಎಳೆ ಹಸಿರಿನ ಹುಳು ತಲೆ ಆಚೀಚೆ ಆಡಿಸುತ್ತಾ ತಿನ್ನುತ್ತಿತ್ತು. ಗೌಡರು ಕಣ್ಣು ಕಿರಿದು ಮಾಡಿ ಅದನ್ನು ನೋಡಿದರು. ನಂತರ ತಿರುಗಿ ಬದುವಿನ ಆಚೆಗೆ ನೋಡಿದರು.

"ಇದು ವಗೆಸೊಪ್ಗೂ ಬತ್ತದಾ?"

"ಈಗ ಬಂದಿಲ್ಲ. ಮುಂದೆ ಬರಲ್ಲ ಅಂತ ನಾನು ಹೇಳಲಾರೆ."

ಅವರು ಪಂಚೆ ಎತ್ತಿ ಕಟ್ಟಿ ಮೊದಲ ಗಿಡವನ್ನು ತಾವೇ ಕಿತ್ತರು. ಕಿತ್ತದ್ದನ್ನೆಲ್ಲ ಗೊಬ್ಬರದ ಚೀಲಗಳಿಗೆ ತುಂಬಿ, ಬಾಯಿ ಕಟ್ಟಿ, ಬಿಸಿಲಲ್ಲಿ ಬೇಯಿಸಿ ಆಳವಾಗಿ ಹೂಳಿದೆವು. ಹೊಲದ ನಾಲ್ಕು ಮೂಲೆಗೆ ಮೋಹಕ ಬಲೆ ಕಟ್ಟಿಸಿದೆ. ಹೆಣ್ಣಿನ ವಾಸನೆ ತೋರಿಸಿ ಗಂಡು ಪತಂಗಗಳನ್ನು ಸೆಳೆಯುವ ಬಲೆ ಅದು. ಕೆಲವು ವಾರ ಒಂದೆರಡು ಬಿದ್ದವು, ಆಮೇಲೆ ನಿಂತವು.

ತಿಂಗಳು ಕಳೆದು ಎರಡನೆಯ ಪರೀಕ್ಷೆಯ ಫಲ ಬಂತು. ಟೊಮೆಟೊ ಎಲೆಯನ್ನೇ ತಿಂದು ಬೆಳೆದ, ಆಲೂಗಡ್ಡೆಯ ರುಚಿಯೇ ಕಾಣದ ಹೆಣ್ಣುಗಳು ಆಲೂಗಡ್ಡೆಯ ಮೇಲೆ ಮೊಟ್ಟೆ ಇಟ್ಟಿದ್ದವು. ಎಲ್ಲವೂ ಅಲ್ಲ, ಸುಮಾರು ಅರ್ಧದಷ್ಟು. ಆ ಅರ್ಧವೇ ನನ್ನ ನಿದ್ದೆ ಕೆಡಿಸಿತು. ನೆನಪಿನ ಆಟವಾಗಿದ್ದರೆ ಅಷ್ಟೂ ಟೊಮೆಟೊಗೆ ಮರಳಬೇಕಿತ್ತು. ಇದು ತಾಯಿಯಿಂದ ಮಗಳಿಗೆ ಇಳಿಯುತ್ತಿತ್ತು, ಇನ್ನೂ ಪೂರ್ತಿಯಾಗಿರಲಿಲ್ಲ ಅಷ್ಟೆ. ಪಂಜರದ ಪತಂಗಗಳನ್ನೆಲ್ಲ ಆ ದಿನವೇ ಕೊಂದೆವು.

ಆ ಹೊತ್ತಿಗೆ ಊರಲ್ಲಿ ಮಾತು ಹಬ್ಬಿತ್ತು. ಶಿವಲೀಲಾ ಅವರದು ಹುಳದ ನರ್ಸರಿ ಎಂದು ಹೆಸರು ಬಿತ್ತು. ಸಸಿ ಹೇಳಿಟ್ಟಿದ್ದ ಕೆಲವರು ಕೊಟ್ಟ ಮಾತು ತಪ್ಪಿದರೆಂದು ಮುಖ ತಿರುಗಿಸಿದರಂತೆ. ಬಚ್ಚಿಟ್ಟು ಮಾರಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪ್ರಾಮಾಣಿಕವಾಗಿ ಮುಚ್ಚಿದ್ದಕ್ಕೆ ಹೆಸರು ಕೆಟ್ಟಿತು. ಆಕೆ ಫೋನು ಮಾಡಿ ಇದನ್ನು ದೂರಿನ ಧಾಟಿಯಲ್ಲಿ ಹೇಳಲಿಲ್ಲ, ಬೇರೆ ವಿಷಯದ ನಡುವೆ ಹೇಳಿದರು. ನನಗೆ ಅದು ಇನ್ನೂ ಹೆಚ್ಚು ಚುಚ್ಚಿತು.

ಆಗಸ್ಟ್‌ನಲ್ಲಿ ಹಾಸನ ತಾಲ್ಲೂಕಿನ ಕೊರವಂಗಲದ ಆಚೆಯ ರೈತರೊಬ್ಬರು ಒಂದು ಕವರು ತಂದರು. ಒಳಗೆ ಆಲೂಗಡ್ಡೆ ಎಲೆ, ಅದೇ ಗುಳ್ಳೆ. ಎಲ್ಲಿಂದ ಸಸಿ ತಂದಿರಿ ಎಂದು ಮೊದಲು ಕೇಳಿದೆ. ಸಸಿಯೇ ಅಲ್ಲ, ತಮ್ಮದೇ ಗೆಡ್ಡೆ ಬಿತ್ತಿದ್ದು ಎಂದರು. ಚನ್ನರಾಯಪಟ್ಟಣದ ಕಡೆಗೆ ಅವರ ಹೊಲಕ್ಕೆ ಯಾವ ಸಂಬಂಧವೂ ಇರಲಿಲ್ಲ. ಆ ಸಂಜೆಯೇ ಅವರ ಜೊತೆ ಹೋದೆ. ಸುತ್ತಲ ಹೊಲಗಳಲ್ಲಿ ಹಿಂದಿನ ವರ್ಷ ಟೊಮೆಟೊ ಇತ್ತು. ಬೆಲೆ ಬಿದ್ದಾಗ ಎಲ್ಲರೂ ಒಟ್ಟಿಗೇ ಕಿತ್ತು ಬಿಸಾಕಿದ್ದರು. ಬೇಸಿಗೆಯುದ್ದಕ್ಕೂ ಅಲ್ಲಿ ಹಸಿರಾಗಿ ಉಳಿದದ್ದು, ಹಳೆಯ ಗೆಡ್ಡೆಗಳಿಂದ ತಾನಾಗಿ ಚಿಗುರಿದ ಅಲ್ಲೊಂದು ಇಲ್ಲೊಂದು ಆಲೂಗಡ್ಡೆ ಗಿಡ. ಪರದೆಯೊಳಗೆ ಆಗಿದ್ದೇ ಬಯಲಲ್ಲಿಯೂ ಆಗಿತ್ತು. ಪರೀಕ್ಷೆ ಮಾಡಿದೆ. ಆ ಪತಂಗಗಳೂ ಆಲೂಗಡ್ಡೆಯ ಮೇಲೆ ಕೂತವು.

ಈ ಸುದ್ದಿಯನ್ನು ಬೇರೆಯವರಿಂದ ಕೇಳುವ ಮೊದಲು ನಾನೇ ಹೇಳಬೇಕೆಂದು ಶಿವಲೀಲಾ ಅವರ ಮನೆಗೆ ಹೋದೆ. ಖಾಲಿ ನೆಟ್‌ಹೌಸಿನ ಬಾಗಿಲಲ್ಲಿ ಕುರ್ಚಿ ಹಾಕಿದರು. ಪೂರ್ತಿ ಕೇಳಿದ ಮೇಲೆ ಹೇಳಿದರು:

"ಅಂಗಾರೆ ನಮ್ದು ಬೇಯ್ಸಿದ್ದು ಯಾಕೆ ಮೇಡಂ?"

ಇಲ್ಲಿ ಹುಟ್ಟಿದ್ದನ್ನು ನಮ್ಮ ಗಾಡಿಯಲ್ಲೇ ನಾಲ್ಕು ತಾಲ್ಲೂಕಿಗೆ ಕಳಿಸಬಾರದು ಎನ್ನುವುದಕ್ಕೆ ಎಂದೆ.

"ಅದು ಗಾಡಿ ಬರ್ಲಿ ಅಂತ ಕಾಯ್ತದಾ?"

ಕಾಯುವುದಿಲ್ಲ ಎಂದು ನನಗೂ ಗೊತ್ತಿತ್ತು. ಆದರೂ ಆಗಿದ್ದು ಸರಿಯೆಂದೇ ಇವತ್ತಿಗೂ ನಂಬಿದ್ದೇನೆ. ಆ ಸಸಿಗಳು ಹೋಗಿದ್ದರೆ ಅದೇ ಮುಂಗಾರಿನಲ್ಲಿ ಹುಳು ನೂರು ಹೊಲದಲ್ಲಿ ಇರುತ್ತಿತ್ತು. ನಮಗೆ ಸಿಕ್ಕಿದ್ದು ಸ್ವಲ್ಪ ಸಮಯ. ಇದನ್ನು ಆಕೆಗೆ ಹೇಳಿದೆ. ಮುಂದಿನ ವಾರ ಹೊಳೆನರಸೀಪುರದಲ್ಲಿ ರೈತರ ಸಭೆಯಿತ್ತು. ಅಲ್ಲಿ ಎದ್ದು ನಿಂತು, ಈ ಹುಳು ಯಾರ ನರ್ಸರಿಯಿಂದಲೂ ಬಂದದ್ದಲ್ಲ, ಒಬ್ಬ ಹೆಣ್ಣುಮಗಳು ತನ್ನ ಇಡೀ ವರ್ಷದ ದುಡಿಮೆಯನ್ನು ಕೊಟ್ಟು ಅದನ್ನು ತಡೆದಿದ್ದಾಳೆ ಎಂದು ಹೆಸರು ಹಿಡಿದು ಹೇಳಿದೆ. ಹಿಂದಿನ ಸಾಲಿನಲ್ಲಿ ಬಸವರಾಜು ತಲೆ ತಗ್ಗಿಸಿ ಕೂತಿದ್ದರು. ಸಭೆ ಮುಗಿದ ಮೇಲೆ ಕೃಷ್ಣೇಗೌಡರು ಅವರ ಹತ್ತಿರ ಹೋಗಿ, ಮತ್ತೆ ಶುರುಮಾಡಿದರೆ ಮೊದಲ ಸಸಿ ತಮಗೆ ಎಂದರು.

ಮತ್ತೆ ಶುರುವಾಗಿದೆ. ನನ್ನ ಸಲಹೆಯಂತೆ ನೆಟ್‌ಹೌಸಿನ ಹೊರಗೆ ಸಾಲಾಗಿ ಟೊಮೆಟೊ ಕುಂಡಗಳನ್ನು ಇಟ್ಟಿದ್ದಾರೆ, ಅವಕ್ಕೆ ಔಷಧಿ ಹೊಡೆಯುವುದಿಲ್ಲ. ಟೊಮೆಟೊ ಬಯಸುವ ತಾಯಂದಿರಿಗೆ ಟೊಮೆಟೊ ಸಿಗುತ್ತಿರಲಿ, ಅವುಗಳ ಸಂತಾನವೂ ಸ್ವಲ್ಪ ಉಳಿದು, ಆಲೂಗಡ್ಡೆ ಬಯಸುವವುಗಳ ಜೊತೆ ಬೆರೆತು ಆ ಗುಣ ತೆಳುವಾಗಲಿ ಎಂದು. ಹುಳುವಿಗೆ ಊಟ ಹಾಕುವ ಈ ಉಪಾಯವನ್ನು ನನ್ನ ಸಹೋದ್ಯೋಗಿಗಳಲ್ಲಿ ಎಲ್ಲರೂ ಒಪ್ಪುವುದಿಲ್ಲ. ಒಪ್ಪದವರ ಮಾತಿನಲ್ಲೂ ಹುರುಳಿದೆ. ಸಾಲುವುದೋ ಇಲ್ಲವೋ ನನಗೂ ತಿಳಿಯದು.

ಕಳೆದ ವರ್ಷ ನಿವೃತ್ತಳಾದೆ. ಯಾವ ಹುಳು ಯಾವ ಗಿಡ ತಿನ್ನುತ್ತದೆ ಎಂದು ಮೂವತ್ತು ವರ್ಷ ಪಾಠ ಹೇಳಿದವಳು ನಾನು. ಅದು ಇವತ್ತಿನ ಮಟ್ಟಿಗೆ ಮಾತ್ರ ನಿಜವಾದ ಮಾತು ಎಂದು ಈ ಪ್ರಕರಣ ಕಲಿಸಿತು. ಒಂದು ಬೆಳೆಯನ್ನು ಊರಿಗೂರೇ ನೆಟ್ಟು ಮರುವರ್ಷ ಊರಿಗೂರೇ ಕಿತ್ತಾಗ, ಒಂದು ಗಿಡಕ್ಕೆ ವಿಷ ಸುರಿದು ಪಕ್ಕದ ಗಿಡವನ್ನು ಹಾಗೇ ಬಿಟ್ಟಾಗ, ಯಾವ ತಾಯಿಯ ಮಕ್ಕಳು ಬದುಕಬೇಕು ಎಂದು ನಾವೇ ಆರಿಸುತ್ತಿರುತ್ತೇವೆ. ಆರಿಸುತ್ತಿದ್ದೇವೆ ಎಂಬುದು ಮಾತ್ರ ನಮಗೆ ಗೊತ್ತಿರುವುದಿಲ್ಲ.

ಈಚೆಗೆ ಆ ದಾರಿಯಲ್ಲಿ ಹೋಗುವಾಗ ಶಿವಲೀಲಾ ಅವರಲ್ಲಿ ಇಳಿದಿದ್ದೆ. ಕುಂಡದ ಟೊಮೆಟೊ ಎಲೆಗಳ ತುಂಬ ಗುಳ್ಳೆ ಎದ್ದಿತ್ತು. ಹಿಂದೆ ಅಂಥ ಎಲೆ ಕಂಡರೆ ಬೈದುಕೊಳ್ಳುತ್ತಿದ್ದ ಆಕೆ ಅದನ್ನು ಸಂತೋಷದಿಂದ ತೋರಿಸಿದರು.

"ಇನ್ನೂ ಟೊಮೆಟೊನೇ ತಿಂತೈತೆ ಮೇಡಂ."

ಹೌದಮ್ಮ ಎಂದೆ. ಹೊರಡುವ ಮುನ್ನ ಒಳಗೆ ಹೋಗಿ ಆಲೂಗಡ್ಡೆ ಸಸಿಗಳ ಎಲೆ ಮಗುಚಿ ನೋಡಲು ಶುರುಮಾಡಿದೆ. ಆಕೆಯೂ ಪಕ್ಕದ ಸಾಲಿಗೆ ಬಂದು ಕೂತು ಎಲೆ ಮಗುಚತೊಡಗಿದರು.